ದಸ್ತಿ ಹಾಕಿದ ಪುಸ್ತಕ

ಬೀದರ ಬಸ್ ನಿಲ್ದಾಣಕ್ಕೆ ಔರಾದ ಬಸ್ಸು ಇನ್ನೂ ಪೂರ್ತಿ ಬಂದು ನಿಂತಿರುವುದಿಲ್ಲ, ಅಷ್ಟರಲ್ಲಿ ಅದರ ಸೀಟುಗಳೆಲ್ಲ ಭರ್ತಿಯಾಗಿರುತ್ತವೆ. ಅಲ್ಲಿ ಕೂತಿರುವುದು ಮನುಷ್ಯರಲ್ಲ. ಕಿಟಕಿಯಿಂದ ಎಸೆದ ದಸ್ತಿ, ಅಂದರೆ ಕರವಸ್ತ್ರ, ಟವೆಲ್ಲು, ಚೀಲ, ಒಮ್ಮೊಮ್ಮೆ ಒಂಟಿ ಚಪ್ಪಲಿ. ದಸ್ತಿ ಬಿದ್ದ ಸೀಟಿನಲ್ಲಿ ಮತ್ತೊಬ್ಬರು ಕೂಡುವಂತಿಲ್ಲ. ಕೂತರೆ ಜಗಳ, ಆ ಜಗಳದಲ್ಲಿ ಕಂಡಕ್ಟರನೂ ದಸ್ತಿಯ ಕಡೆಗೇ ಮಾತಾಡುತ್ತಾನೆ. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಅದನ್ನು ತಂದು ಪುಸ್ತಕಗಳಿಗೆ ಹಚ್ಚಿದವನು ಕಾಶೀರಾಮ.

ಕಾಶೀರಾಮ ಔರಾದ ಕಡೆಯವನು. ಬೀದರಿಗೆ ಬಂದು, ಊರ ಹೊರಗಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ತೆಗೆದುಕೊಡುವ ನೌಕರಿಗೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ನಿವೃತ್ತಿಗೆ ಇನ್ನು ಎರಡೇ ತಿಂಗಳು. ಮೊದಲಿನ ಕಾಲದಲ್ಲಿ ಓದುಗರನ್ನು ರ್‍ಯಾಕುಗಳ ಹತ್ತಿರ ಬಿಡುತ್ತಿರಲಿಲ್ಲ. ಕೌಂಟರಿಗೆ ಬಂದು ಹೇಳಬೇಕು, ಕಾಶೀರಾಮ ಒಳಗೆ ಹೋಗಿ ತರಬೇಕು. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತಿತ್ತು. "ಹಸಿರು ರಟ್ಟಿಂದು, ಮೂಲ್ಯಾಗ ಇಲಿ ಕಡದದ್ದು" ಅಂದರೆ ಸಾಕು, ಎರಡು ನಿಮಿಷದಲ್ಲಿ ಪುಸ್ತಕ ಹಾಜರು. "ಎಲ್ಲಾ ಇಲ್ಲೇ ಅದ" ಎಂದು ಹಣೆ ಬಡಿದು ತೋರಿಸುತ್ತಿದ್ದ. ಹಣೆ ವರ್ಷದಿಂದ ವರ್ಷಕ್ಕೆ ಹಿಂದೆ ಸರಿದು ನೆತ್ತಿ ಮುಟ್ಟಿತ್ತು, ಹಾಗಾಗಿ ಬಡಿಯಲು ಜಾಗವೂ ಸಾಕಷ್ಟಿತ್ತು.

ಭಾಲ್ಕಿ, ಔರಾದ ಕಡೆಯ ಮಕ್ಕಳು ಬಸ್ಸು ಹಿಡಿದು ಬರುವ ಹೊತ್ತಿಗೆ ಹನ್ನೊಂದು ದಾಟಿರುತ್ತಿತ್ತು. ಅಷ್ಟರಲ್ಲಿ ಪೇಟೆಯ ಹುಡುಗರು ಒಳ್ಳೆಯ ಪುಸ್ತಕಗಳನ್ನೆಲ್ಲ ಎತ್ತಿಕೊಂಡು ಹೋಗಿಬಿಟ್ಟಿರುತ್ತಿದ್ದರು. ಕಾಶೀರಾಮನ ಕರುಳು ಚುರ್‍ ಎಂದಿತು. ಹಿಂದಿನ ದಿನವೇ ಒಂದು ದಸ್ತಿ ಕೊಟ್ಟುಹೋಗಿ ಎಂದ. ಕೊಟ್ಟ ದಸ್ತಿಯನ್ನು ಬೇಕಾದ ಪುಸ್ತಕಕ್ಕೆ ಸುತ್ತಿ ಕೌಂಟರ್ ಹಿಂದಿನ ರ್‍ಯಾಕಿನಲ್ಲಿ ಇಟ್ಟ. ಹೀಗೆ ದಸ್ತಿ ರ್‍ಯಾಕು ಹುಟ್ಟಿತು. ದಸ್ತಿಯ ಒಡೆಯ ಬಂದು ಎತ್ತುವವರೆಗೆ ಕುಲಪತಿಗಳು ಬಂದು ಕೇಳಿದರೂ ಆ ಪುಸ್ತಕ ಹೊರಗೆ ಬರುವುದಿಲ್ಲ ಎಂದು ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ. ಕುಲಪತಿಗಳು ಒಮ್ಮೆಯೂ ಬಂದು ಕೇಳಲಿಲ್ಲ ಎನ್ನುವುದು ಬೇರೆ ಮಾತು.

ಆಮೇಲೆ ಕಂಪ್ಯೂಟರು ಬಂತು. ಅದರ ಹಿಂದೆ ಭಾಲ್ಕಿಯ ಶೈಲಶ್ರೀ ಮೇಡಂ ಹೊಸ ಗ್ರಂಥಪಾಲಕರಾಗಿ ಬಂದರು. ರ್‍ಯಾಕುಗಳಿಗೆ ಹಾಕಿದ ಜಾಲರಿ ತೆಗೆಸಿದರು. ಓದುಗರು ತಾವೇ ಒಳಗೆ ಹೋಗಿ ಪುಸ್ತಕ ಹುಡುಕಬಹುದು, ಮನೆಯಿಂದಲೇ ಮೊಬೈಲಿನಲ್ಲಿ ನೋಡಬಹುದು, ಯಂತ್ರದ ಮೇಲಿಟ್ಟು ತಮ್ಮ ಹೆಸರಿಗೆ ಬರೆಸಿಕೊಂಡು ಹೋಗಬಹುದು. ಪ್ರತಿ ಪುಸ್ತಕದ ಒಳಗೂ ಯಂತ್ರ ಗುರುತು ಹಿಡಿಯುವ, ಉಗುರಿನಗಲದ ಒಂದು ಚಿಪ್ ಅಂಟಿಸಿದರು. ಬೇಸಿಗೆಯಿಡೀ ಅಂಟಿಸಿದವನು ಕಾಶೀರಾಮನೇ. ತನ್ನ ಕೊರಳಿಗೆ ಬೀಳುವ ಹಗ್ಗಕ್ಕೆ ತಾನೇ ಎಣ್ಣೆ ಹಚ್ಚಿದೆ ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಆಗ ಮಾತ್ರ ನಗು ಬರಲಿಲ್ಲ, ಹೆದರಿಕೆ ಬಂತು. ಓದುಗರು ಅವನನ್ನು ದಾಟಿ ಸೀದಾ ಒಳಗೆ ಹೋಗುತ್ತಿದ್ದರು. ಕೇಳುವವರಿಲ್ಲ. ಯಾರೂ ಕೇಳದಿದ್ದರೂ ಅವನು ಹೇಳುತ್ತಿದ್ದ: "ಮಷೀನಿಗೇನು ತಿಳೀತದರಿ? ಅದು ಬೀದರಿಗೆ ಬಂದು ಆರು ತಿಂಗಳಾಗಿಲ್ಲ."

ಮಳೆಗಾಲದಲ್ಲಿ ಕೌಂಟರನ್ನೂ ಹೊಸದಾಗಿ ಕಟ್ಟಿದರು, ಎತ್ತರಕ್ಕೆ. ದಸ್ತಿ ರ್‍ಯಾಕು ಹೋಯಿತು. ಅಲ್ಲಿದ್ದ ಪುಸ್ತಕಗಳನ್ನು ಕಾಶೀರಾಮ ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸಿದ, ಸದ್ದಿಲ್ಲದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ದಸ್ತಿ ಹಾಕಿ ಪುಸ್ತಕ ಹಿಡಿದಿಡುವ ಈ ಪದ್ಧತಿ ಮೇಡಂಗೆ ಗೊತ್ತಿರಲಿಲ್ಲ ನೋಡಿ.

ಭಾದ್ರಪದದ ಒಂದು ಸೋಮವಾರ ಉಜ್ವಲಾ ಎಂಬ ಹುಡುಗಿ ಕೌಂಟರಿಗೆ ಬಂದು ನಿಂತಳು. ಸಂತಪುರದವಳು, ಭೂಗೋಳದಲ್ಲಿ ಎಂ.ಎಸ್ಸಿ. ಓದುವವಳು. ತಮ್ಮ ಕಡೆಯ ಕಪ್ಪು ಮಣ್ಣು ಕೆಂಪು ಮಣ್ಣಿನ ಮೇಲೆ ಮುಂದಿನ ಸೋಮವಾರ ವಿಭಾಗದಲ್ಲಿ ಮಾತಾಡಬೇಕಿತ್ತು. ಅದಕ್ಕೆ ಬೇಕಾದ ನಕ್ಷೆಗಳಿದ್ದದ್ದು ಒಂದೇ ಒಂದು ಹಳೆಯ ದಪ್ಪ ಪುಸ್ತಕದಲ್ಲಿ.

"ಕಾಕಾ, ಮೊಬೈಲಿನಾಗ ಹದಿನಾಲ್ಕನೇ ರ್‍ಯಾಕಿನಾಗ ಅದ ಅಂತ ತೋರಸ್ತದರಿ. ಅಲ್ಲಿ ಇಲ್ರಿ."

ಎಷ್ಟು ದಿನದ ಮೇಲೆ ಒಬ್ಬರು ಅವನನ್ನು ಪುಸ್ತಕ ಕೇಳಿದ್ದರು! ಕಾಶೀರಾಮ ಮದುಮಗನ ಹಾಗೆ ಎದ್ದು ಹೊರಟ. ಹದಿನಾಲ್ಕನೇ ರ್‍ಯಾಕು ನೋಡಿದ, ಹದಿಮೂರು ಹದಿನೈದು ನೋಡಿದ, ಹಳೆ ಪತ್ರಿಕೆಗಳ ಹಿಂದೆ ನೋಡಿದ. ಇಲ್ಲ. ಹಣೆ ಬಡಿದುಕೊಂಡ, ಅಲ್ಲಿಯೂ ಇಲ್ಲ. ನೆನಪು ಕೈಕೊಟ್ಟಿದೆ ಎನ್ನಲು ಬಾಯಿ ಬರಲಿಲ್ಲ. "ಮಷೀನ್ ಸುಳ್ಳ ಹೇಳ್ಯಾದ ನೋಡವ್ವ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲದ ಬದಲು ಯಂತ್ರವಿತ್ತು, ಅಷ್ಟೇ ವ್ಯತ್ಯಾಸ.

ಬುಧವಾರ ಉಜ್ವಲಾ ಮತ್ತೆ ಬಂದಳು, ಮತ್ತೆ ಇಲ್ಲ. ಶುಕ್ರವಾರ ಮೂರನೆಯ ಸಲ ಬಂದಾಗ ಅವಳ ಮುಖ ಬಾಡಿತ್ತು. "ಸಿಗದಿದ್ರ ಸರ್‍ಗ ಹೇಳಿ ವಿಷಯಾನೇ ಬಿಡ್ತೇನ್ರಿ ಕಾಕಾ" ಎಂದಳು. ಕಾಶೀರಾಮನಿಗೆ ಕೆಡುಕೆನಿಸಿತು, ಅದರ ಜೊತೆಗೇ ಒಂದು ಖುಷಿಯೂ ಆಯಿತು, ಸುಳ್ಳೇಕೆ ಹೇಳುವುದು. ಯಂತ್ರ ಸಿಕ್ಕಿಬಿದ್ದಿತ್ತು.

"ವಿಷಯ ಯಾಕ ಬಿಡ್ತಿ? ಫಿರ್ಯಾದಿ ಬರಿ. ನಾ ಹೇಳ್ತೇನಿ, ನೀ ಬರಿ" ಎಂದು ಮುಂದೆ ನಿಂತು ಬರೆಸಿದ. ಯಂತ್ರ ಓದುಗರ ದಾರಿ ತಪ್ಪಿಸುತ್ತಿದೆ, ಸಂಬಂಧಪಟ್ಟವರು ಕೂಡಲೇ ಬಂದು ತಪಾಸಣೆ ಮಾಡತಕ್ಕದ್ದು. ಆ 'ತಕ್ಕದ್ದು' ಕಾಶೀರಾಮನದೇ. ಮೇಡಂ ಓದಿ, ಯಂತ್ರ ಕೂಡಿಸಿದ ಚಾಂದ ಪಾಶಾನಿಗೆ ಫೋನು ಮಾಡಿದರು.

ಶನಿವಾರ ಬೆಳಗಿನ ಬಸ್ಸಿಗೆ ಚಾಂದ ಪಾಶಾ ಹೈದರಾಬಾದಿನಿಂದ ಬಂದಿಳಿದ. ಕೈಯಲ್ಲಿ ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡದೊಂದು ಉಪಕರಣ. ಬೇಕಾದ ಪುಸ್ತಕದ ನಂಬರು ಒತ್ತಿ ಹಿಡಿದುಕೊಂಡು ನಡೆದರೆ, ಪುಸ್ತಕ ಹತ್ತಿರವಾದಂತೆ ಅದು ಪೀಂ ಪೀಂ ಅನ್ನುತ್ತದಂತೆ. ಎಲ್ಲಿ ಬಚ್ಚಿಟ್ಟಿದ್ದರೂ ಬಿಡುವುದಿಲ್ಲವಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಕಾಶೀರಾಮ ದಸ್ತಿ ರ್‍ಯಾಕು ಇದ್ದ ಜಾಗವನ್ನೊಮ್ಮೆ ನೋಡಿದ. ಅಲ್ಲಿ ಈಗ ಗೋಡೆ ಮಾತ್ರ ಇತ್ತು. ಸಮಾಧಾನದಿಂದ ಕುರ್ಚಿಯಲ್ಲಿ ಕೂತ, ಯಂತ್ರದ ಮಾನ ಹೋಗುವುದನ್ನು ನೋಡಲು.

ಚಾಂದ ಪಾಶಾ ಹದಿನಾಲ್ಕನೇ ರ್‍ಯಾಕಿನ ಮುಂದೆ ನಡೆದ, ಸದ್ದಿಲ್ಲ. ಉಳಿದ ಸಾಲುಗಳನ್ನೆಲ್ಲ ಸುತ್ತಿದ, ಸದ್ದಿಲ್ಲ. ಓದುವ ಕೋಣೆ, ಪತ್ರಿಕೆಗಳ ಮೇಜು, ಎಲ್ಲಿಯೂ ಇಲ್ಲ. ಮೇಡಂ ಹಿಂದೆ, ಅವರ ಹಿಂದೆ ನಾಲ್ಕಾರು ವಿದ್ಯಾರ್ಥಿಗಳು. "ನಾ ಮೊದಲೇ ಹೇಳಿದ್ದೆ" ಎನ್ನಲು ಕಾಶೀರಾಮ ಬಾಯಿ ತೆರೆದ. ಅಷ್ಟರಲ್ಲಿ ಕೌಂಟರಿನ ಹತ್ತಿರ ಉಪಕರಣ ಒಮ್ಮೆ ಪೀಂ ಎಂದಿತು. ಇನ್ನೆರಡು ಹೆಜ್ಜೆ, ಪೀಂ ಪೀಂ. ಚಾಂದ ಪಾಶಾ ಕೌಂಟರ್ ದಾಟಿ ಒಳಗೆ ಬಂದ. ಉಪಕರಣ ಉಸಿರು ಬಿಡದೆ ಕೂಗತೊಡಗಿತು.

"ಚಾಚಾ, ಜರಾ ಏಳ್ರಿ."

"ನಾ ಯಾಕ ಏಳ್ಬೇಕು? ನಾ ಏನ್ ಪುಸ್ತಕ ಇದ್ದೀನೇನು?"

"ಕಾಕಾ, ಏಳ್ರಿ" ಎಂದರು ಮೇಡಂ.

ಎದ್ದ. ಚಾಂದ ಪಾಶಾ ಕುರ್ಚಿಯ ದಿಂಬು ಎತ್ತಿದ. ಕೆಳಗೆ ಪುಸ್ತಕವಿತ್ತು. ದಪ್ಪನೆಯದು, ಕಂದು ರಟ್ಟಿನದು, ಮೇಲೆ ನೀಲಿ ಗೀರಿನ ಒಂದು ದಸ್ತಿ.

ಆಗ ನೆನಪು ಓಡೋಡಿ ಬಂತು. ದಸ್ತಿ ರ್‍ಯಾಕು ಒಡೆಯುವ ದಿನ ಎಲ್ಲ ಪುಸ್ತಕಗಳನ್ನು ಮರಳಿಸಿದ್ದ, ಇದೊಂದನ್ನು ಬಿಟ್ಟು. ಇದರ ದಸ್ತಿಯ ಒಡೆಯ ಇನ್ನೂ ಬಂದು ಎತ್ತಿರಲಿಲ್ಲ, ಕೊಟ್ಟ ಮಾತು ಮುರಿಯಬಾರದು. ಹೊಸ ಕೌಂಟರು ಎತ್ತರ, ಹಳೆ ಕುರ್ಚಿ ಗಿಡ್ಡ. ಎರಡು ದಿನದ ಮಟ್ಟಿಗೆ ಎಂದು ದಿಂಬಿನ ಕೆಳಗಿಟ್ಟಿದ್ದ. ಪುಸ್ತಕವೂ ಭದ್ರ, ತನಗೂ ಎತ್ತರ. ಆಮೇಲೆ ಮರೆತ. ಉಜ್ವಲಾ ಮೂರು ಸಲ ಬಂದಾಗಲೂ ಅದೇ ಪುಸ್ತಕದ ಮೇಲಿಂದ ಎದ್ದು ಹೋಗಿ ಹುಡುಕಿ, ವಾಪಸು ಬಂದು ಅದೇ ಪುಸ್ತಕದ ಮೇಲೆ ಕೂತು, ಮಷೀನು ಸುಳ್ಳು ಎಂದಿದ್ದ.

ವಿದ್ಯಾರ್ಥಿಗಳು ನಕ್ಕರು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. "ಇದು ಯಾರ ದಸ್ತಿರಿ ಕಾಕಾ?" ಎಂದು ಕೇಳಿದರು. ಅವನು ದಸ್ತಿಯ ಕಥೆಯನ್ನೆಲ್ಲ ಹೇಳಿಬಿಟ್ಟ. ಇದನ್ನು ಹಾಕಿದವನು ಪ್ರವೀಣಕುಮಾರ, ಭಾಲ್ಕಿಯಿಂದ ಬರುತ್ತಿದ್ದ ಸಂಶೋಧನೆಯ ಹುಡುಗ. ಅಲ್ಲೇ ಫೋನು ಹಚ್ಚಿದ. ಪ್ರವೀಣಕುಮಾರ ಈಗ ಭಾಲ್ಕಿಯಲ್ಲಿ ಉಪನ್ಯಾಸಕ.

"ಯಾವ ದಸ್ತಿರಿ ಕಾಕಾ?" ಎಂದ ಅವನು. "ನಾ ಅಲ್ಲಿಂದ ಬಂದು ನಾಕು ವರ್ಷ ಆಯ್ತಲ್ರಿ!"

ಕಾಶೀರಾಮ ಫೋನು ಇಟ್ಟ. ಮೇಡಂ ಕಂಪ್ಯೂಟರಿನಲ್ಲಿ ಏನೋ ಒತ್ತಿ ಪರದೆಯನ್ನು ಅವನ ಕಡೆ ತಿರುಗಿಸಿದರು. ಕಳೆದ ಆರು ತಿಂಗಳಲ್ಲಿ ಆ ಪುಸ್ತಕವನ್ನು ಹುಡುಕಿದವರ ಪಟ್ಟಿ. ಒಂಬತ್ತು ಮಂದಿ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕೌಂಟರಿಗೆ ಬಂದು ಕೇಳಿದವರಿಗೆ ತಾನೇ "ಇಲ್ಲ" ಎಂದು ಹೇಳಿ ಕಳಿಸಿದ್ದು ಅವನಿಗೆ ನೆನಪಾಯಿತು. ದಸ್ತಿ ಹಾಕಿದವರ ಮುಖ ಗೊತ್ತಿತ್ತು, ದಸ್ತಿಯಿಂದಾಗಿ ನಿಂತೇ ಹೋದವರ ಮುಖ ಒಂದೂ ಗೊತ್ತಿರಲಿಲ್ಲ. ಅಂಥವರೂ ದೂರದ ಬಸ್ಸು ಹಿಡಿದು ಬಂದವರೇ ಇದ್ದಾರು. ಅವನಿಗೆ ಬಹಳ ನಾಚಿಕೆಯಾಯಿತು. ಉಜ್ವಲಾಳ ನೆನಪಾಗಿ ಇನ್ನೂ ಹೆಚ್ಚು.

ಅವಳು ಆ ದಿನ ಬಂದಿರಲಿಲ್ಲ. ಫೋನು ಹತ್ತಲಿಲ್ಲ. ನಾಳೆ ಆದಿತ್ಯವಾರ, ಮರುದಿನವೇ ಅವಳ ಮಾತು. ಕಾಶೀರಾಮ ಪುಸ್ತಕವನ್ನು ದಸ್ತಿ ಸಮೇತ ಚೀಲಕ್ಕೆ ಹಾಕಿಕೊಂಡು, ನಾನೇ ಮುಟ್ಟಿಸಿ ಬರ್ತೇನಿ ಎಂದು ಬಾಗಿಲ ಕಡೆ ನಡೆದ. ಬಾಗಿಲು ಕಿರುಚಿಕೊಂಡಿತು. ಹೆಸರಿಗೆ ಬರೆಸದ ಪುಸ್ತಕ ಹೊರಗೆ ಹೋದರೆ ಹಾಗೆ ಕೂಗುವ ವ್ಯವಸ್ಥೆಯನ್ನೂ ಆ ಬೇಸಿಗೆಯಲ್ಲೇ ಮಾಡಿದ್ದರು. ಒಂದೇ ದಿನ ಎರಡು ಸಲ ಯಂತ್ರಗಳಿಂದ ಕಳ್ಳ ಅನ್ನಿಸಿಕೊಂಡ.

"ನಿಮ್ಮ ಹೆಸರಿಗೇ ಬರಸ್ಕೊಳ್ರಿ ಕಾಕಾ" ಎಂದರು ಮೇಡಂ. "ನಿಮ್ಮ ಕಾರ್ಡ್ ಅದ ಅಲ್ರಿ?"

ಕಾರ್ಡು ಇತ್ತು, ಬಳಸಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕಾಶೀರಾಮ ತನಗಾಗಿ ಒಂದು ಪುಸ್ತಕವನ್ನೂ ಮನೆಗೆ ಒಯ್ದಿರಲಿಲ್ಲ. ನಲವತ್ತು ಸಾವಿರ ಪುಸ್ತಕಗಳ ಬೆನ್ನು ಓದಿದ್ದ, ಹೊಟ್ಟೆ ನೋಡಿದ್ದು ಚಿಪ್ ಅಂಟಿಸುವಾಗ ಮಾತ್ರ. ಮೇಡಂ ಹೇಳಿಕೊಟ್ಟಂತೆ ಕಾರ್ಡು ತೋರಿಸಿದ, ಪುಸ್ತಕ ಯಂತ್ರದ ಮೇಲಿಟ್ಟ. ಜೇಬಿನಲ್ಲಿ ಮೊಬೈಲು ಗುರ್‍ ಎಂದಿತು. 'ಪ್ರಿಯ ಓದುಗರೆ, ನಿಮ್ಮ ಹೆಸರಿಗೆ ಒಂದು ಪುಸ್ತಕ ನೀಡಲಾಗಿದೆ.' ಅವನು ಆ ಸಾಲನ್ನು ಎರಡು ಸಲ ಓದಿದ. ಅವನನ್ನು ಓದುಗ ಎಂದು ಯಾರೂ ಕರೆದಿರಲಿಲ್ಲ. ಕಣ್ಣು ತುಂಬಿ ಬಂತು. ಈ ಸಲ ಬಾಗಿಲು ಸುಮ್ಮನಿತ್ತು.

ಮನೆಯಲ್ಲಿ ಹೆಂಡತಿ ಕೌಸಲ್ಯಾಬಾಯಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಬಗಲಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತ. ಅವರೇ ಶಾಣ್ಯಾರ ಬಿಡ್ರಿ, ಬಗಲಾಗರೆ ಇಟ್ಕೊಂಡಿದ್ರು" ಎಂದಳು.

ಆದಿತ್ಯವಾರ ಬೆಳಿಗ್ಗೆ ಔರಾದ ಬಸ್ಸು ಹತ್ತಿದ. ತೊಡೆಯ ಮೇಲೆ ಪುಸ್ತಕ. ಇಂಗ್ಲಿಷು ಅಷ್ಟು ತಿಳಿಯದು, ನಕ್ಷೆಗಳನ್ನು ನೋಡಿದ. ಒಂದರಲ್ಲಿ ಔರಾದ ಎಂಬ ಹೆಸರು ಸಿಕ್ಕಿತು, ಅದರ ಸುತ್ತ ಕಪ್ಪು ಬಣ್ಣ. ಕಿಟಕಿಯ ಹೊರಗೆ ತೊಗರಿ ಹೊಲಗಳ ಮಣ್ಣೂ ಕಪ್ಪಗೇ ಇತ್ತು. ಸಂತಪುರ ಬಂದದ್ದೇ ತಿಳಿಯಲಿಲ್ಲ.

ಉಜ್ವಲಾಳ ಮನೆ ಸಿಗಲು ಕಷ್ಟವಾಗಲಿಲ್ಲ. ಪುಸ್ತಕ ನೋಡಿ ಅವಳು ಅಂಗಳದಲ್ಲೇ ನಿಂತುಬಿಟ್ಟಳು. "ಎಲ್ಲಿ ಸಿಕ್ತುರಿ ಕಾಕಾ? ಮಷೀನ್ ಸುಳ್ಳ ಅಂದಿದ್ರಲ್ರಿ?"

ದಾರಿಯುದ್ದಕ್ಕೂ ಕಾಶೀರಾಮ ಒಂದು ಗೌರವದ ಉತ್ತರ ಹೊಸೆದಿದ್ದ. ಯಾರೋ ತಪ್ಪು ರ್‍ಯಾಕಿನಲ್ಲಿ ಇಟ್ಟಿದ್ದರು ಎಂದು. ಅವಳ ಮುಖ ನೋಡಿದ ಮೇಲೆ ಅದು ನಾಲಿಗೆಗೆ ಬರಲಿಲ್ಲ.

"ಮಷೀನ್ ಖರೇನೇ ಹೇಳಿತ್ತವ್ವ, ಪುಸ್ತಕ ಅಲ್ಲೇ ಇರಬೇಕಿತ್ತು. ಸುಳ್ಳ ಹೇಳಿದಾಂವ ನಾ. ನಿನ್ನ ಪುಸ್ತಕದ ಮ್ಯಾಲ ನಾನೇ ಕುಂತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ದಿಂಬಿನಿಂದ ಹಿಡಿದು ಎಲ್ಲ ಬಿಡಿಸಿ ಹೇಳಿದ. ಮೊದಲು ಅವಳಿಗೆ ಸಿಟ್ಟು ಬಂತು. "ಮೂರು ಸಲ ಬಂದಿದ್ದೆ ಕಾಕಾ. ನಿನ್ನಿ ರಾತ್ರಿ ಅತ್ತೀನಿ" ಎಂದಳು. ಅವಳ ತಾಯಿ ಮಹಾಮಾಯಾ ಒಳಗಿನಿಂದ "ಕುಂತಿದ್ರಾ? ಅದರ ಮ್ಯಾಲೇ?" ಎಂದು ಕೇಳಿದ್ದೇ ತಡ, ಉಜ್ವಲಾಳಿಗೆ ನಗು ತಡೆಯಲಾಗಲಿಲ್ಲ. ಮೂವರೂ ನಕ್ಕರು. ಆಮೇಲೆ ಅವಳು ಹೊಸ್ತಿಲಲ್ಲೇ ಕೂತು ನಕ್ಷೆಗಳ ಪುಟ ತೆರೆದಳು, ಚಹಾ ತಂದಿಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ.

ಬೀದರಿಗೆ ಹೋಗುವ ಬಸ್ಸು ಬರುವ ಹೊತ್ತಿಗೆ ಅವನನ್ನು ಕಳಿಸಲು ನಿಲ್ದಾಣದವರೆಗೆ ಬಂದಳು. ಬಸ್ಸು ಬಂತು, ಜನ ಮುಗಿಬಿದ್ದರು. ಇವನ ವಯಸ್ಸಿಗೆ ಆ ಗುದ್ದಾಟ ಆಗದು. ಉಜ್ವಲಾ ಕೈಯಲ್ಲೇ ಹಿಡಿದು ತಂದಿದ್ದ ಪುಸ್ತಕದಿಂದ ನೀಲಿ ಗೀರಿನ ದಸ್ತಿ ತೆಗೆದು, ಎಗರಿ, ಕಿಟಕಿಯೊಳಗೆ ಎಸೆದಳು.

"ಕಾಕಾ, ನಿಮ್ಮ ಸೀಟ್ ಹಿಡದೀನಿ. ಹೋಗ್ರಿ!"

ನಾಲ್ಕು ವರ್ಷ ಒಂಬತ್ತು ಮಂದಿಯನ್ನೂ ಲೆಕ್ಕಕ್ಕೆ ಸಿಗದವರನ್ನೂ ತಡೆದು ನಿಲ್ಲಿಸಿದ್ದ ದಸ್ತಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಬಿದ್ದಿತ್ತು. ಯಾರೂ ಅದರ ಮೇಲೆ ಕೂತಿರಲಿಲ್ಲ. ಕಾಶೀರಾಮ ಜನರನ್ನು ಸರಿಸಿಕೊಂಡು ಅಲ್ಲಿಗೆ ಬಂದ, ದಸ್ತಿ ಎತ್ತಿ ಜೇಬಿಗೆ ಹಾಕಿಕೊಂಡ. ಕೂಡಲು ಬಗ್ಗಿದವನು ತಡೆದು, ಮತ್ತೆ ಎದ್ದು, ಸೀಟಿನ ಮೇಲೆಲ್ಲ ಒಮ್ಮೆ ಕೈಯಾಡಿಸಿ ನೋಡಿದ. ಏನೂ ಇರಲಿಲ್ಲ. ಆಮೇಲೆ ಕೂತ.