ಸೂತಕ ಕಳೆಯುವವರೆಗೆ

ನನ್ನ ಗಂಡ ಪುತ್ತೂರಿನ ಕಡೆಯ ಒಂದು ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಊರವರ ಬಾಯಲ್ಲಿ ಡ್ರಿಲ್ ಮಾಸ್ಟ್ರು. ಅರವತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಬಾಡಿಗೆ ಮನೆ ಕಾಲೇಜಿನ ಮೈದಾನಕ್ಕೆ ತಾಗಿಕೊಂಡಿದ್ದುದರಿಂದ ವಾಲಿಬಾಲ್ ಟೀಮಿನ ಅರ್ಧ ಸಂಸಾರ ನಮ್ಮಲ್ಲೇ ಇರುತ್ತಿತ್ತು. ನೆಟ್ಟು ಜಗಲಿಯ ಮೂಲೆಯಲ್ಲಿ, ಚೆಂಡಿಗೆ ಗಾಳಿ ತುಂಬುವ ಪಂಪು ಅಕ್ಕಿ ಡಬ್ಬದ ಪಕ್ಕದಲ್ಲಿ, ಜರ್ಸಿಗಳು ನನ್ನ ಮದುವೆಯ ಟ್ರಂಕಿನಲ್ಲಿ. ಜರ್ಸಿಯ ಬೆನ್ನಿನ ನಂಬರುಗಳನ್ನು ಕೆಂಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿದವಳು ನಾನೇ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹೊಲಿಗೆ ಉಪಯೋಗಕ್ಕೆ ಬಂದದ್ದು ಹಾಗೆ.

ನಾಲ್ಕನೇ ನಂಬರಿನವನು ಅರಂತೋಡಿನಿಂದ ಒಳಗೆ ಎರಡು ಮೈಲು ನಡೆದರೆ ಸಿಗುವ ಒಂದು ಕೃಷಿಕರ ಮನೆಯ ಹುಡುಗ. ಮನೆಯಲ್ಲಿ ಅರೆಭಾಷೆ, ನಮ್ಮ ಹತ್ತಿರ ಕನ್ನಡ, ಗೆಳೆಯರ ಹತ್ತಿರ ತುಳು. ಮೂರರಲ್ಲೂ ಮಾತು ಕಡಿಮೆಯೇ. ಎಡಗೈಯವನಾದ್ದರಿಂದ ಅವನ ಜರ್ಸಿ ಯಾವಾಗಲೂ ಎಡಕಂಕುಳಲ್ಲಿ ಹೊಲಿಗೆ ಬಿಡುತ್ತಿತ್ತು. ಚಾ ಕುಡಿದ ಲೋಟವನ್ನು ತಾನೇ ತೊಳೆದು, ಕವುಚಿ ಹಾಕಿ ಹೋಗುವವನು ಆ ಹನ್ನೆರಡು ಜನರಲ್ಲಿ ಅವನೊಬ್ಬನೇ. ಅವನು ಹೊಡೆದ ಚೆಂಡು ನಮ್ಮ ಬೇಲಿಗೆ ಬಂದು ಬಡಿದರೆ ಒಲೆಯ ಹತ್ತಿರ ಇದ್ದ ನನಗೆ ಇದು ಅವನದೇ ಎಂದು ಗೊತ್ತಾಗುತ್ತಿತ್ತು.

ಕಾಲೇಜಿನ ಹಾಸ್ಟೆಲಿನಲ್ಲಿ ಆಟಗಾರರಿಗೆಂದು ಕೆಲವು ಜಾಗ ಇದ್ದವು. ಟೀಮಿನಲ್ಲಿದ್ದರೆ ಊಟ, ವಸತಿ. ಟೀಮು ಬಿಟ್ಟರೆ ಹಾಸ್ಟೆಲನ್ನೂ ಬಿಡಬೇಕು. ಅವನು ಓದುತ್ತಿದ್ದುದು ಆ ಜಾಗದ ಬಲದಲ್ಲಿ.

ಆ ವರ್ಷ ದೀಪಾವಳಿ ರಜೆಗೆ ಊರಿಗೆ ಹೋದಾಗ ಅವನ ಅಣ್ಣ ದೊಡ್ಡಪ್ಪನ ಮಗನನ್ನು ಕತ್ತಿಯಿಂದ ಕಡಿದ. ಎರಡು ಮನೆಗಳ ಜಾಗದ ನಡುವೆ ಇರುವ ಅಗಳಿನ, ಅಂದರೆ ಗಡಿಯ ಕಂದಕದ, ಮಣ್ಣು ಯಾರು ಯಾವ ಬದಿಗೆ ಹಾಕಿದರು ಎಂಬ ಜಗಳ. ಇವನೂ ಅಲ್ಲಿದ್ದ. ಬಿದ್ದವನನ್ನು ಇನ್ನೊಬ್ಬರ ಜತೆ ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಮರದ ಲಾರಿ ನಿಲ್ಲಿಸಿ, ಸುಳ್ಯದ ಆಸ್ಪತ್ರೆಗೆ ಮುಟ್ಟಿಸಿದ್ದು ಇವನೇ. ಮರುದಿನ ಆ ಮನುಷ್ಯ ತೀರಿಹೋದ. ಅಣ್ಣನನ್ನು ಪೊಲೀಸರು ಹಿಡಿದರು. ಇವನನ್ನೂ ಒಂದು ದಿನ ಸ್ಟೇಷನ್ನಿನಲ್ಲಿ ಕೂರಿಸಿ, ಹೇಳಿಕೆ ಬರೆಸಿಕೊಂಡು, ಸಾಕ್ಷಿ ಎಂದು ಹೆಸರು ಹಾಕಿ ಬಿಟ್ಟರು.

ಪುತ್ತೂರಿಗೆ ಆ ಸುದ್ದಿ ಬರುವಾಗ ಅದಕ್ಕೆ ಕೈಕಾಲು ಮೂಡಿತ್ತು. ಪಕ್ಕದ ಮನೆಯಾಕೆ ಬಾವಿಕಟ್ಟೆಯಲ್ಲಿ ಕೊಡ ಇಳಿಸಿಯೇ ಶುರು ಮಾಡಿದರು.

"ನಿಮ್ಮ ಮಾಸ್ಟ್ರ ಹುಡುಗ ಅಂತಲ್ಲ, ಹಿಡ್ಕೊಂಡದ್ದು? ಅಣ್ಣ ಕಡಿಯುದು, ತಮ್ಮ ಹಿಡಿಯುದು. ಆ ಎಡಗೈಯ ಪೆಟ್ಟು ನೋಡುವಾಗ್ಲೇ ನಾನು ಹೇಳಿದ್ದೆ ಮಾರಾಯ್ರೆ."

"ಎಂತ ಹೇಳಿದ್ರಿ?"

"ಹೇಳ್ಲಿಲ್ಲ, ಗ್ರಹಿಸಿದ್ದೆ" ಎಂದು ಅವರು ಹಗ್ಗ ಕೈಗೆತ್ತಿಕೊಂಡರು.

ಹಿಡಿದುಕೊಂಡದ್ದೋ, ಹೊತ್ತುಕೊಂಡು ಹೋದದ್ದೋ, ನಾನು ನೋಡಿದವಳಲ್ಲ. ಆದರೆ ಆ ವಾರ ಬಟ್ಟೆ ಒಗೆಯುವಾಗ ಅವನ ಲೋಟದ ನೆನಪಾಗುತ್ತಿತ್ತು. ಅದು ಸಾಕ್ಷಿಯಲ್ಲ ಎಂದು ನನಗೂ ಗೊತ್ತು.

ಕಾಲೇಜಿನ ಆಟದ ಕಮಿಟಿ ಸೇರಿದ್ದು ನಮ್ಮ ಜಗಲಿಯಲ್ಲಿ. ಕಾಲೇಜಿನ ಕೋಣೆಯಲ್ಲಿ ಸೇರಿದರೆ ಹುಡುಗರಿಗೆ ಗೊತ್ತಾಗುತ್ತದೆಂದು. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಒಬ್ಬ ವಕೀಲರು, ಹಾಸ್ಟೆಲಿನ ವಾರ್ಡನ್, ಮತ್ತೆ ಇವರು. ನಾನು ಕಾಫಿ, ಚಕ್ಕುಲಿ ಇಟ್ಟು ಬಾಗಿಲ ಹಿಂದೆ ನಿಂತೆ. ಆ ಹುಡುಗ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಮುಂದಿನ ತಿಂಗಳು ಮಂಗಳೂರಿನಲ್ಲಿ ಕಾಲೇಜುಗಳ ಪಂದ್ಯಾಟ ಇತ್ತು. ಅಲ್ಲಿ ಜನ ಏನು ಹೇಳಬಹುದು ಎಂಬುದೇ ಮಾತು.

"ತೆಗೆದ್ರೆ ನಾವೇ ಅವನನ್ನು ಅಪರಾಧಿ ಅಂತ ಹೇಳಿದ ಹಾಗೆ. ನಾಳೆ ಅವನ ಮನೆಯವರು ಕೇಳಿದ್ರೆ ಎಂತ ಉತ್ತರ?" ವಕೀಲರು ಅಂದರು. "ಇಟ್ಕೊಂಡ್ರೆ ಕೊಲೆಗಾರರ ಟೀಮು ಅಂತ ಹೆಸ್ರು. ಎರಡೂ ಬೇಡ."

"ಎರಡೂ ಬೇಡ ಅಂದ್ರೆ ಮೂರನೇದು ಎಂತ ಉಂಟು?" ಇವರು ಕೇಳಿದರು. "ನೆಟ್ಟಿನ ಮೇಲೆ ಕೂರ್ಸುದಾ?"

ಯಾರೂ ನಗಲಿಲ್ಲ. ವಾರ್ಡನ್ ತಮ್ಮ ಕಾಫಿಯಲ್ಲಿ ಬಿದ್ದ ಇರುವೆಯನ್ನು ಚಮಚದಿಂದ ತೆಗೆಯುತ್ತಿದ್ದರು. ಆಗ ಪ್ರಿನ್ಸಿಪಾಲರು ತಲೆ ಎತ್ತಿ ಕೇಳಿದರು:

"ಸತ್ತವ ಇವನಿಗೆ ಎಂತ ಆಗ್ಬೇಕು ಹೇಳಿದ್ರಿ?"

"ದೊಡ್ಡಪ್ಪನ ಮಗ."

"ಹಾಗಾದ್ರೆ ಸೂತಕ ಉಂಟಲ್ಲ ಇವನಿಗೆ!"

ಕೊಂದವರ ಮನೆ, ಸತ್ತವರ ಮನೆ ಎರಡೂ ಒಂದೇ ಕುಟುಂಬ. ಹಾಗಾಗಿ ಕೊಂದವರ ಮನೆಗೂ ಸೂತಕ. ನಮ್ಮ ಕಡೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆದರೆ ಆ ನಾಲ್ಕು ಜನರ ಮುಖ ಸಡಿಲವಾದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಪ್ರಿನ್ಸಿಪಾಲರು ಎರಡನೆಯ ಚಕ್ಕುಲಿ ಮುರಿದರು.

"ಸೂತಕ ಕಳಿಯುವವರೆಗೆ ಅವ ಚೆಂಡು ಮುಟ್ಟುದು ಬೇಡ. ಇದು ಶಿಕ್ಷೆ ಅಲ್ಲ, ಶಾಸ್ತ್ರ. ನಾವು ಎಂತದೂ ತೀರ್ಮಾನ ಮಾಡ್ಲಿಲ್ಲ."

ಇವರು ಅದನ್ನೇ ಹುಡುಗನಿಗೆ ಹೇಳಿದರು. ಅವನು ಕೇಳಿದ ಒಂದೇ ಪ್ರಶ್ನೆ, "ಬೊಜ್ಜ ಕಳ್ದ ಮೇಲೆ ಆಡ್ಬಹುದಲ್ವಾ ಸರ್?" ಬೊಜ್ಜ ಎಂದರೆ ಉತ್ತರಕ್ರಿಯೆ, ಸೂತಕ ಮುಗಿಯುವ ದಿನ. ಅದಾಗಿ ನಾಲ್ಕು ದಿನಕ್ಕೆ ಮಂಗಳೂರಿನ ಪಂದ್ಯ. ಇವರು "ಹೌದು" ಅಂದರಂತೆ. ಹೇಳುವಾಗ ತಾನೂ ನಂಬಿದ್ದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಇರಬಹುದು.

ಅವನು ಊರಿಗೆ ಹೋಗುವ ಹಾಗಿರಲಿಲ್ಲ. ಸತ್ತವನ ತಮ್ಮಂದಿರು ಕತ್ತಿ ಮಸೆಯುತ್ತಿದ್ದಾರೆ, ನೀನು ಪುತ್ತೂರಿನಲ್ಲೇ ಇರು ಮಗಾ ಎಂದು ತಾಯಿ ಹೇಳಿ ಕಳಿಸಿದ್ದರು. ಹಾಗೆ ಅವನು ಹಾಸ್ಟೆಲಿನಲ್ಲೇ ಸೂತಕ ಹಿಡಿದ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಮೂಲೆಯಲ್ಲಿ ಬಾಳೆ ಎಲೆ ಹಾಕಿಕೊಂಡು ಕೂರುತ್ತಿದ್ದ. ಗಡ್ಡ ತೆಗೆಯಲಿಲ್ಲ, ತಲೆಗೆ ಎಣ್ಣೆ ಹಾಕಲಿಲ್ಲ. ನಮ್ಮ ಅಂಗಳಕ್ಕೂ ಬರಲಿಲ್ಲ. ಸಂಜೆ ಉಳಿದವರು ಆಡುವಾಗ ಅವನೊಬ್ಬನೇ ಮೈದಾನಕ್ಕೆ ಸುತ್ತು ಬರುತ್ತಿದ್ದ. ಆಮೇಲೆ ಗೇರುಮರದ ಅಡಿಯಲ್ಲಿ ನಿಂತು ಎತ್ತರದ ಒಂದು ಎಲೆಗೆ ಕೈ ತಾಗುವವರೆಗೆ ಹಾರುತ್ತಿದ್ದ. ಒಂದು ಎಲೆ ಹರಿದುಹೋದರೆ ಅದಕ್ಕಿಂತ ಮೇಲಿನದು.

ಹುಡುಗರಿಗೆ ತಮಾಷೆ.

"ಓ ಮಾರಾಯ, ಚೆಂಡು ನಿನ್ನ ಕಡೆ ಬಂದ್ರೆ ಕಾಲಲ್ಲಿ ಒದಿ ಆಯ್ತಾ? ಕೈಯಲ್ಲಿ ಮುಟ್ಟಿದ್ರೆ ನಮಗೆಲ್ಲ ಸೂತಕ!"

"ಕಾಲಲ್ಲಿ ಒದ್ರೆ ಫುಟ್ಬಾಲಿನವರಿಗೆ ಹಿಡೀತದೆ" ಎಂದು ಅವನು ಉತ್ತರ ಕೊಟ್ಟ. ಆ ದಿನಗಳಲ್ಲಿ ನಾನು ಕೇಳಿದ ಅವನ ಒಂದೇ ನಗುವಿನ ಮಾತು ಅದು.

ಬೊಜ್ಜದ ಹಿಂದಿನ ದಿನ ಇವರು ಕಾಲೇಜಿನಿಂದ ತಡಮಾಡಿ ಬಂದರು. ಕಾಲು ತೊಳೆಯದೆ ಮೆಟ್ಟಿಲಲ್ಲೇ ಕುಳಿತರು.

"ಟೀಮಿನ ಪಟ್ಟಿ ಕಳಿಸಿ ಆಯ್ತು. ಅವನ ಹೆಸ್ರಿಲ್ಲ."

"ಸೂತಕ ನಾಳೆ ಕಳೀತದಲ್ಲ?"

"ಹದಿನೈದು ದಿನ ಪ್ರಾಕ್ಟೀಸಿಗೆ ಬಾರದವನನ್ನು ಹೇಗೆ ಕರ್ಕೊಂಡು ಹೋಗುದು ಅಂತ ಪ್ರಿನ್ಸಿಪಾಲ್ರು ಕೇಳಿದ್ರು."

"ಬರಬೇಡ ಹೇಳಿದ್ದು ನೀವೇ ಅಲ್ವಾ?"

"ಅದನ್ನು ಅವರ ಹತ್ರ ಕೇಳು." ಇವರು ಬೂಟಿನ ದಾರ ಬಿಚ್ಚಿದರು. ಮತ್ತೆ ತಲೆ ಎತ್ತದೆ ಹೇಳಿದರು, "ನಾಡಿದ್ದು ಅವ ಜರ್ಸಿ ಕೇಳ್ಲಿಕ್ಕೆ ಬರ್ತಾನೆ. ನಾನು ಬೇಗ ಹೋಗ್ತೇನೆ. ಜರ್ಸಿ ದರ್ಜಿ ಹತ್ರ ಉಂಟು, ಮಂಗಳೂರಿಗೆ ಹೋಗುವ ದಿನ ಸಿಗ್ತದೆ ಹೇಳು. ಬಸ್ಸು ಹೊರಟ ಮೇಲೆ ಅವನಿಗೇ ಅರ್ಥ ಆಗ್ತದೆ."

ನನಗೆ ಸಿಟ್ಟು ಬಂತೆಂದು ಬರೆದರೆ ಸುಳ್ಳಾದೀತು. ದಣಿವಾಯಿತು. ಇಷ್ಟು ಓದಿದ ನಾಲ್ಕು ಗಂಡಸರು ಸೇರಿ ಹೇಳಲಾರದ ಒಂದು ಮಾತು ಸುತ್ತಿ ಸುತ್ತಿ ನನ್ನ ಟ್ರಂಕಿನ ಮೇಲೆ ಬಂದು ಕುಳಿತಿತ್ತು.

ಅವನು ಬಂದದ್ದು ಬೆಳಗ್ಗೆ ಎಂಟು ಗಂಟೆಗೆ. ಗಡ್ಡ ಬೋಳಿಸಿದ್ದ, ತಲೆಗೆ ಎಣ್ಣೆ ಹಾಕಿದ್ದ. ಎಣ್ಣೆ ಹೆಚ್ಚಾಗಿ ಕಿವಿಯ ಹಿಂದೆ ಇಳಿದಿತ್ತು. ಅಂಗಿಗೆ ಇಸ್ತ್ರಿ. ಅಂಗಳದ ತುದಿಯಲ್ಲಿ ನಿಂತು, "ಅಕ್ಕಾ, ಬರ್ಬಹುದಾ?" ಎಂದ.

"ಬಾ. ಕೂತ್ಕೋ."

"ನಿನ್ನೆ ಊರಿಗೆ ಹೋಗಿದ್ದೆ. ಬೊಜ್ಜಕ್ಕೆ."

"ಹೋಗ್ಬೇಡ ಹೇಳಿದ್ರಲ್ವಾ ನಿನ್ನ ಅಮ್ಮ?"

"ದೊಡ್ಡಪ್ಪನ ಮನೆಯೊಳಗೆ ಹೋಗ್ಲಿಲ್ಲ. ಅವರು ನಮ್ಮವರು ಯಾರೂ ಬರ್ಬಾರ್ದು ಅಂದಿದ್ರು. ಬೇಲಿಯ ತಡಮೆಯ ಹೊರಗೆ ನಿಂತೆ. ಎಲ್ಲ ಮುಗಿದ ಮೇಲೆ ಪಯಸ್ವಿನಿ ಹೊಳೆಗೆ ಹೋಗಿ ಮುಳುಗಿದೆ. ತಲೆಗೆ ನೀರು ಹಾಕ್ಲಿಕ್ಕೆ ಯಾರೂ ಇಲ್ಲ, ನಾನೇ ಮೂರು ಸಲ ಮುಳುಗಿದೆ. ಸೂತಕ ಹೋಗ್ತದಲ್ವಾ ಅಕ್ಕಾ ಹಾಗೆ ಮಾಡಿದ್ರೆ?"

"ಹೋಗ್ತದೆ."

"ಹಾಗಾದ್ರೆ ಜರ್ಸಿ..."

ಅವನು ಜಗಲಿಯಲ್ಲಿ ಕುಳಿತಲ್ಲಿಂದ ಟ್ರಂಕು ಕಾಣುತ್ತಿತ್ತು. ಜರ್ಸಿಗಳು ಅದರಲ್ಲೇ ಇರುವುದೆಂದು ಅವನಿಗೂ ಗೊತ್ತು. ದರ್ಜಿ ಎಂಬ ಶಬ್ದ ನನ್ನ ನಾಲಿಗೆಯವರೆಗೆ ಬಂತು. ಅದನ್ನು ಹೇಳಿಬಿಟ್ಟರೆ ಅವನು ಇನ್ನೂ ಮೂರು ದಿನ ಕಾಯುತ್ತಾನೆ, ಗೇರುಮರದ ಎಲೆಗೆ ಹಾರುತ್ತಾನೆ, ಆಮೇಲೆ ಚೀಲ ಹಿಡಿದುಕೊಂಡು ಬಸ್ಸಿನ ಬುಡದಲ್ಲಿ ಎಲ್ಲರೆದುರು ನಿಲ್ಲುತ್ತಾನೆ.

"ನಿನ್ನನ್ನು ಕರ್ಕೊಂಡು ಹೋಗುದಿಲ್ಲ" ಅಂದೆ. "ಪಟ್ಟಿಯಲ್ಲಿ ಹೆಸ್ರಿಲ್ಲ. ಸೂತಕಕ್ಕಲ್ಲ. ಆ ಕೇಸಿನಿಂದಾಗಿ. ಇನ್ನು ಮೇಲೂ ಸೇರಿಸುದಿಲ್ಲ. ಕಾಯ್ಬೇಡ."

ಅವನು ಅಂಗೈಯಿಂದ ಕಿವಿಯ ಹಿಂದಿನ ಎಣ್ಣೆ ಒರೆಸಿಕೊಂಡ. ಒರೆಸಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಸ್ತ್ರಿಯ ಬಟ್ಟೆಗೆ ತಾಗದ ಹಾಗೆ ಎತ್ತಿ ಹಿಡಿದ.

"ಇದನ್ನು ಅವತ್ತೇ ಹೇಳ್ಬಹುದಿತ್ತಲ್ವಾ ಅಕ್ಕಾ?" ಅಂದ. ದನಿ ಏರಿರಲಿಲ್ಲ. "ನಾನು ಅಲ್ಲಿ ಹೋಗಿ ನಿಲ್ತಿರ್ಲಿಲ್ಲ. ಸತ್ತವನ ಅಮ್ಮ ನನ್ನನ್ನು ನೋಡಿದ್ರು."

ಚಾ ಮಾಡ್ತೇನೆ ಅಂದೆ. ಬೇಡ ಅಂದ. ಎದ್ದು ಹೋಗುವಾಗ ಚಪ್ಪಲಿ ಹಾಕಿಕೊಳ್ಳಲು ಎರಡು ಸಲ ಪ್ರಯತ್ನಿಸಿದ. ಎಡದ್ದಕ್ಕೆ ಬಲಗಾಲು ಹಾಕುತ್ತಿದ್ದ.

ಅದೇ ದಿನ ಅವನು ಹಾಸ್ಟೆಲಿನ ಕೋಣೆ ಖಾಲಿ ಮಾಡಿದ. ಅವರಾಗಿ ಹೊರಗೆ ಹಾಕುವವರೆಗೆ ಕಾದಿರಲಿಲ್ಲ. ಮನೆಗೆ ಹೋಗದೆ ಕಲ್ಲುಗುಂಡಿಯಲ್ಲಿ ಸೋದರಮಾವನ ಮನೆಗೆ ಹೋದನೆಂದು ಟೀಮಿನ ಹುಡುಗನೊಬ್ಬ ಹೇಳಿದ. ಪರೀಕ್ಷೆಗೂ ಬರಲಿಲ್ಲ.

ಇವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. "ನಾನು ಹೇಳುವವನಿದ್ದೆ" ಅಂದರು. ಯಾವಾಗ ಎಂದು ನಾನು ಕೇಳಲಿಲ್ಲ. ಅಡಿಗೆಯಲ್ಲಿ ಉಪ್ಪು ಕಡಿಮೆಯಾದರೆ ಹೇಳುವವರು ಆ ಎರಡು ದಿನ ಅದನ್ನೂ ಹೇಳಲಿಲ್ಲ. ಮೂರನೆಯ ದಿನ ಪ್ರಿನ್ಸಿಪಾಲರು ದಾರಿಯಲ್ಲಿ ಸಿಕ್ಕಿ, ಕೊಡೆ ಮಡಚಿ ನಿಂತು ಹೇಳಿದರು:

"ನೀವು ಹೇಳಿದ್ದು ಒಳ್ಳೇದೇ ಆಯ್ತಮ್ಮ. ಇಂಥದ್ದನ್ನು ಹೆಂಗಸರು ಹೇಳಿದ್ರೆ ಮೃದು ಆಗ್ತದೆ. ನಮಗೂ ತೊಂದ್ರೆ ತಪ್ಪಿತು."

ನಾನು ಹೇಳಿದ್ದು ಅವರಿಗಾಗಿ ಅಲ್ಲ ಎನ್ನಬೇಕಿತ್ತು. ನಮಸ್ಕಾರ ಎಂದು ಮುಂದೆ ನಡೆದೆ. ಸತ್ಯ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎಂದು ಶಾಲೆಯಲ್ಲಿ ನಂಬಿದ್ದೆ. ಆ ಹುಡುಗನಿಗೆ ಮೂರು ದಿನದ ಕಾಯುವಿಕೆ ತಪ್ಪಿತು, ಅಷ್ಟೇ. ಉಳಿದದ್ದೆಲ್ಲ ಅವರು ಬಯಸಿದ ಹಾಗೆಯೇ ಆಗಿತ್ತು.

ಟೀಮು ಮಂಗಳೂರಿನಲ್ಲಿ ಎರಡನೆಯ ಪಂದ್ಯದಲ್ಲೇ ಸೋತು ಬಂತು. ಅದರ ಮರುದಿನ, ಮಧ್ಯಾಹ್ನ ಊಟಕ್ಕೆ ಮೊದಲು, ಇವರು ಕಾಲೇಜಿಗೆ ಕೊಡುವ ವರದಿಯ ಕಾಗದ ಹಿಡಿದುಕೊಂಡು ಬಂದರು. ವರದಿ ಇಂಗ್ಲಿಷಿನಲ್ಲಿರಬೇಕು. ಇವರ ಇಂಗ್ಲಿಷು ಅಷ್ಟಕ್ಕಷ್ಟೆ. ಇವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು ಮೊದಲಿನಿಂದ ರೂಢಿ. ಯಾವ ತಂಡದ ಎದುರು ಆಡಿದ್ದು, ಎಷ್ಟು ಪಾಯಿಂಟು, ಯಾರಿಗೆ ಕಾಲು ಉಳುಕಿತು ಎಲ್ಲ ಬರೆದೆ.

"ನಾಲ್ಕನೇ ನಂಬರಿನವ ಸ್ವಂತ ಇಚ್ಛೆಯಿಂದ ಟೀಮು ಬಿಟ್ಟ ಅಂತ ಬರಿ."

ಪೆನ್ನು ನಿಂತಿತು. "ಅವ ಬಿಟ್ಟದ್ದಾ?"

"ಮತ್ತೆ? ತೆಗ್ದವರು ಯಾರು? ಒಬ್ಬರ ಹೆಸ್ರು ಹೇಳು ನೋಡುವ."

ಇವರು ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿ ಹೆಸರು ಬೇಕಾದವರಂತೆ ನನ್ನ ಮುಖ ನೋಡುತ್ತಿದ್ದರು. ನಾನೂ ಹುಡುಕಿದೆ. ಪ್ರಿನ್ಸಿಪಾಲರು ತೆಗೆಯಲಿಲ್ಲ, ವಕೀಲರು ತೆಗೆಯಲಿಲ್ಲ, ಇವರಂತೂ ತೆಗೆಯಲಿಲ್ಲ. ಕಾಯಬೇಡ ಎಂದು ಅವನಿಗೆ ಬಾಯಿಬಿಟ್ಟು ಹೇಳಿದವಳು ಒಬ್ಬಳೇ ಇದ್ದಳು.

ಬರೆದೆ. ಸ್ವಂತ ಇಚ್ಛೆಯಿಂದ ಎಂದೇ. ಇವರು ಓದಿ ನೋಡದೆ ಕೆಳಗೆ ಸಹಿ ಹಾಕಿದರು.