ತೊಳೆದುಹೋದ ಮಸಿ

ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಪುರಾತತ್ತ್ವ ಓದಲು ವಿಶ್ವವಿದ್ಯಾಲಯ ಸೇರಿದ ಅವರನ್ನು ಸಹಪಾಠಿಗಳು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ಊರೊಂದನ್ನು ಮಣ್ಣಿನಿಂದ ಮೇಲೆತ್ತುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ರಜೆಯಲ್ಲಿ ಉತ್ಖನನಕ್ಕೆ ಯಾರನ್ನು ಕರೆದೊಯ್ಯಬೇಕೆಂದು ಅಧ್ಯಾಪಕಿ ಆ ವಾರ ತೀರ್ಮಾನಿಸುವವರಿದ್ದರು.

ಅಂದು ಪ್ರಯೋಗಾಲಯದಲ್ಲಿ ಮಡಕೆ ಚೂರುಗಳಿಗೆ ಅಂಟಿದ ಮಣ್ಣು ತೊಳೆಯುವ ಪಾಠ. ಒಂದು ಚೂರಿನ ಹೊರಮೈ ಕಪ್ಪಾಗಿತ್ತು. ದೊಡ್ಡಮ್ಮನ ಕೈ ಜೀವಮಾನದ ಅಭ್ಯಾಸದಂತೆ ಅದನ್ನು ಉಜ್ಜಿ ಉಜ್ಜಿ ಕೆಂಪಗೆ ಮಾಡಿಬಿಟ್ಟಿತು.

"ಅಯ್ಯೋ ದೊಡ್ಡಮ್ಮ, ಅದರಲ್ಲಿ ಅಡುಗೆ ಮಾಡ್ತಿದ್ರು ಅನ್ನೋದಕ್ಕೆ ಆ ಮಸಿನೇ ಸಾಕ್ಷಿ," ಎಂದು ಪಕ್ಕದ ಹುಡುಗಿ ಪಿಸುಗುಟ್ಟಿದಳು. "ಸುಮ್ಮನೆ ಬೇರೆ ಚೂರುಗಳ ಜೊತೆ ಸೇರಿಸಿಬಿಡಿ. ಯಾರಿಗೂ ಗೊತ್ತಾಗಲ್ಲ."

ದೊಡ್ಡಮ್ಮ ಚೂರನ್ನು ಅಂಗೈಯಲ್ಲಿ ಹಿಡಿದು ಅಧ್ಯಾಪಕಿಯ ಮುಂದೆ ನಿಂತರು. "ಯಾವ ತಾಯಿ ಒಲೆ ಹಚ್ಚಿದ್ದಳೋ ಮೇಡಂ, ಅವಳ ಗುರುತನ್ನ ನಾನು ಅಳಿಸಿಬಿಟ್ಟೆ."

ಅಧ್ಯಾಪಕಿ ಚೂರನ್ನು ಹೊರಳಿಸಿ ನೋಡಿದರು. "ನೀವು ಹೇಳದೆ ಇದ್ದಿದ್ರೆ ಇದನ್ನ ನೀರಿನ ಮಡಕೆ ಅಂದ್ಕೋತಿದ್ದೆ. ಮಸಿ ಇತ್ತು, ತೊಳೆಯುವಾಗ ಹೋಯ್ತು ಅಂತ ಚೀಟಿ ಬರೆದು ಜೊತೆಗಿಡಿ." ಆಮೇಲೆ ನಕ್ಕರು. "ಅಗೆಯೋಕೆ ಬನ್ನಿ. ಪಾತ್ರೆ ತೊಳೆಯೋ ಕೆಲಸ ಮಾತ್ರ ನಿಮಗೆ ಕೊಡಲ್ಲ."

ಚೀಟಿ ಬರೆಯುವಾಗ ದೊಡ್ಡಮ್ಮ ತಮ್ಮ ಬೆರಳು ನೋಡಿಕೊಂಡರು. ಉಗುರ ಸಂದಿಯಲ್ಲಿ ಆ ಒಲೆಯ ಕಪ್ಪು ಇನ್ನೂ ಉಳಿದಿತ್ತು. ಕೈ ತೊಳೆಯಲು ಅವರು ಅವಸರ ಮಾಡಲಿಲ್ಲ.