ನ್ಯೂಟ್ರಲ್‌ನಲ್ಲಿ ನಡೆದ ಲಾರಿ

ಕಬ್ಬಿಣದ ಅದಿರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಟ್ರಾನ್ಸ್‌ಮಿಷನ್ ವಿಭಾಗದ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು ನಾನು. ಈಗ ಹೇಳಹೊರಟಿರುವುದು ನಿವೃತ್ತಿಯ ನಂತರದ ಎರಡನೇ ಬೇಸಿಗೆಯ ಮಾತು, ಮೂರು ವರ್ಷ ಆಯಿತು. ರಿಪೇರಿ ಕೆಲಸ ನಡೆದದ್ದು ವರ್ಕ್‌ಶಾಪಿನಲ್ಲಲ್ಲ, ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ. ಸರ್ವಿಸಿನಲ್ಲಿದ್ದಷ್ಟು ದಿನ ಯಾವ ಗಾಡಿಗೂ ಹೆದರದವನು ಈ ಒಂದಕ್ಕೆ ಹೆದರಿದೆ, ಅದಕ್ಕೇ ಹೇಳಲು ಇದನ್ನೇ ಆರಿಸಿಕೊಂಡಿದ್ದೇನೆ.

ದೆವ್ವ ಭೂತದ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಣಿಯಲ್ಲಿ ಯಾವ ಗಾಡಿ ಕೆಟ್ಟು ನಿಂತರೂ ದೃಷ್ಟಿಯಾಗಿದೆ ಎನ್ನುವವನೊಬ್ಬ ಇದ್ದೇ ಇರುತ್ತಿದ್ದ. ನಾನು ಡಿಪ್‌ಸ್ಟಿಕ್ ಎಳೆದು, ಸುಟ್ಟ ಆಯಿಲನ್ನು ಅವನ ಮೂಗಿಗೆ ಹಿಡಿದು, "ದೃಷ್ಟಿ ವಾಸನಿ ಹಿಂಗಿರತೈತೇನಲೇ?" ಎಂದು ಕೇಳುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹುಲುಗಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ಕುರುಗೋಡಿನವನು, ಗಣಿಯಲ್ಲಿ ದೂಳಿಗೆ ನೀರು ಚಿಮುಕಿಸುವ ಲಾರಿ ಓಡಿಸುತ್ತಿದ್ದವನು. ಅದು ಆಟೋಮ್ಯಾಟಿಕ್ ಗಾಡಿ. ಡ್ರೈವರನ ಕಾಲಿಗೆ ಕ್ಲಚ್ ಇಲ್ಲ, ಗೇರುಗಳನ್ನು ಆಯಿಲಿನ ಒತ್ತಡವೇ ಹಾಕಿ ತೆಗೆಯುತ್ತದೆ. ಗಣಿಯವರು ಅದನ್ನು ಹರಾಜಿಗಿಟ್ಟಾಗ ಹುಲುಗಪ್ಪ ತನ್ನ ಹೆಂಡತಿಯ ತಮ್ಮ ಎರ್ರಿಸ್ವಾಮಿಯನ್ನು ಜೊತೆಗೆ ಹಾಕಿಕೊಂಡು ಕೊಂಡಿದ್ದ. ಸಿರುಗುಪ್ಪ ಕಡೆ ರಸ್ತೆ ಕೆಲಸಗಳಿಗೆ ನೀರು ಹೊಡೆಯುತ್ತಿದ್ದರು. ಬಲಗಡೆ ಸೀಟು ಭಾವನದು, ಎಡಗಡೆಯದು ಭಾಮೈದನದು.

ಹಿಂದಿನ ವರ್ಷ ಹಚ್ಚೊಳ್ಳಿ ಹತ್ತಿರ ಕಾಲುವೆಯಿಂದ ನೀರು ತುಂಬಿಸುವಾಗ ಆ ಲಾರಿ ಎರ್ರಿಸ್ವಾಮಿಯನ್ನು ಕೊಂದಿತ್ತು. ನಡುಮಧ್ಯಾಹ್ನ. ತೂಬಿನ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಇಂಜಿನ್ ಚಾಲೂ ಬಿಟ್ಟು ಹುಲುಗಪ್ಪ ಹಿಂದಿನ ಪಂಪಿನ ಹತ್ತಿರ ಹೋದ. ಆ ಪಂಪು ಇಂಜಿನ್ನಿನಿಂದಲೇ ತಿರುಗುವಂಥದ್ದು, ನೀರು ಏರಬೇಕಾದರೆ ಪಕ್ಕದ ಹಿಡಿಕೆ ಎಳೆದು ಇಂಜಿನ್ನಿನ ವೇಗ ಹೆಚ್ಚಿಸಬೇಕು. ಹ್ಯಾಂಡ್‌ಬ್ರೇಕ್ ಸವೆದಿದ್ದರಿಂದ ಎರ್ರಿಸ್ವಾಮಿ ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಬೀಡಿ ಹಚ್ಚಲು ಇದ್ದ ಒಂದೇ ನೆರಳಿಗೆ ಹೋಗಿ ನಿಂತ. ಆ ನೆರಳು ಇದ್ದದ್ದು ಲಾರಿಗೂ ಗೋಡೆಗೂ ನಡುವೆ. ಹುಲುಗಪ್ಪ ಹಿಡಿಕೆ ಎಳೆದ. ಲಾರಿ ಕಲ್ಲು ಹತ್ತಿ ಇಳಿದು ಗೋಡೆಗೆ ಹೋಗಿ ಒತ್ತಿತು.

ಗಾಡಿ ನೋಡಿದ ಮೆಕ್ಯಾನಿಕ್ ಒಬ್ಬ ಇಂಜಿನ್ ಹಚ್ಚಿ, ನ್ಯೂಟ್ರಲ್‌ನಲ್ಲಿ ಅದು ಅಲುಗದಿರುವುದನ್ನು ನೋಡಿ, "ಗೇರ್‌ಬಾಕ್ಸ್ ಬರೋಬ್ಬರಿ ಐತಿ" ಎಂದುಬಿಟ್ಟ. ಅಲ್ಲಿಗೆ ಹುಲುಗಪ್ಪ ಗೇರಿನಲ್ಲೇ ಬಿಟ್ಟು ಇಳಿದಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ಅವನ ಹೆಂಡತಿ ಹೊನ್ನಮ್ಮ ಸಿರುಗುಪ್ಪದ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಗಂಡನ ಜೊತೆ ಒಂದು ಮಾತೂ ಆಡಲಿಲ್ಲ.

"ನ್ಯೂಟ್ರಲ್‌ನಾಗ ಇತ್ತ್ರಿ ಸಾಹೇಬ್ರ. ನನ್ನ ಕೈಲೇ ಹಾಕೀನಿ. ಆದ್ರ ಎಲ್ರೂ ಅಂದೂ ಅಂದೂ ಈಗ ನನಗ ಅನುಮಾನ ಬರಾಕತ್ತೈತಿ. ನೀವು ಬಿಚ್ಚಿ ನೋಡ್ರಿ. ತಪ್ಪು ನಂದು ಅಂತ ಬಂದ್ರ ಅದನ್ನೂ ಹೇಳ್ರಿ," ಎಂದ ಹುಲುಗಪ್ಪ.

ಬೇರೆ ಯಾರ ಹತ್ತಿರವೂ ಹೋಗಲಿಲ್ಲವೇ ಎಂದು ಕೇಳಿದೆ. ಯಾರೂ ಆ ಗಾಡಿಯನ್ನು ಮುಟ್ಟುತ್ತಿಲ್ಲವಂತೆ. ಪೊಲೀಸರಿಂದ ಗಾಡಿ ಬಿಡಿಸಿಕೊಂಡು ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ರೂಢಿಯ ಪ್ರಕಾರ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು ಹುಲುಗಪ್ಪ ಪೂಜೆ ಮಾಡಿದ್ದಾನೆ. ಕಾಯಿ ಒಡೆದು, ಎಲ್ಲ ಮುಗಿಸಿ ನೋಡಿದರೆ ಹಣ್ಣುಗಳು ಆಗಲೇ ಅಪ್ಪಚ್ಚಿಯಾಗಿವೆ, ಸೀಟಿನಲ್ಲಿ ಯಾರೂ ಇಲ್ಲ. ಎರ್ರಿಸ್ವಾಮಿ ಗಾಡಿಯಲ್ಲೇ ಕುಳಿತಿದ್ದಾನೆ ಎಂದು ಅಂದಿನಿಂದ ಊರೆಲ್ಲ ಮಾತು.

ನನಗೆ ಬರಬೇಕಾದ ಸಿಟ್ಟು ಬಂತು. ಮರುದಿನವೇ ಕುರುಗೋಡಿಗೆ ಹೋದೆ.

ಲಾರಿ ಊರ ಹೊರಗಿನ ಹಿತ್ತಲಲ್ಲಿ, ಬಂಡೆಗುಡ್ಡದ ಬುಡದಲ್ಲಿ ನಿಂತಿತ್ತು. ಬಿಸಿಲಿಗೆ ಗುಡ್ಡ ಕಾದು, ಒಂದು ಕಾಗೆಯ ಸದ್ದೂ ಇರಲಿಲ್ಲ. ಎಡಗಡೆ ಬಾಗಿಲು ಎಳೆದೆ, ಬರಲಿಲ್ಲ. ಕಾಲು ಕೊಟ್ಟು ಜಗ್ಗಿದರೂ ಬರಲಿಲ್ಲ. "ಅವತ್ತಿನಿಂದ ತೆಗಿಯಾಕ ಬಂದಿಲ್ರಿ," ಎಂದ ಹುಲುಗಪ್ಪ, ಬೇವಿನ ಮರದಡಿಯಿಂದಲೇ. ಬಲಗಡೆಯಿಂದ ಹತ್ತಿ ಇಂಜಿನ್ ಹಚ್ಚಿ ನ್ಯೂಟ್ರಲ್ ಹಾಕಿದೆ. ಅಲುಗಲಿಲ್ಲ. ಆಯಿಲ್ ಬಿಸಿಯಾಗುವವರೆಗೆ ಕಾದೆ, ಆಗಲೂ ಅಲುಗಲಿಲ್ಲ. ಆ ಮೆಕ್ಯಾನಿಕ್ ಹೇಳಿದ್ದನ್ನೇ ಹೇಳಿ ಎದ್ದು ಬರುವ ಯೋಚನೆಯಲ್ಲಿದ್ದೆ.

ಹಳೆಯ ಅಭ್ಯಾಸವೊಂದು ತಡೆಯಿತು. ಕೆಟ್ಟದ್ದು ಹೇಗೆ ಕೆಟ್ಟಿತೋ ಹಾಗೆಯೇ ಮತ್ತೊಮ್ಮೆ ಕೆಡಿಸಿ ನೋಡದೆ ತೀರ್ಪು ಕೊಡಬಾರದು ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದವನು ನಾನೇ. "ಅಮಾಸಿ ದಿನ ಏನೇನು ಮಾಡಿದ್ಯೋ ಅಷ್ಟೂ ಮಾಡು," ಎಂದೆ. ಗಾಡಿ ಹೊರಟರೆ ತಡೆಯಲೆಂದು ಮುಂದೆ ಸ್ವಲ್ಪ ದೂರಕ್ಕೆ ದೊಡ್ಡ ಬಂಡೆ ಉರುಳಿಸಿದೆವು. ಹುಲುಗಪ್ಪ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟ, ಕುಂಕುಮ ಹಚ್ಚಿದ. ನಂತರ ಹಿಂದಕ್ಕೆ ಹೋಗಿ ಪಂಪಿನ ಹಿಡಿಕೆ ಎಳೆದ. ಪೂಜೆಯಾದ ಕೂಡಲೇ ಮೊದಲ ನೀರು ಚಕ್ರಕ್ಕೆ ಬಿಡುವುದು ಅವರ ಪದ್ಧತಿಯಂತೆ. ಈ ಮಾತನ್ನು ಅವನು ನನಗೆ ಹೇಳಿರಲೇ ಇಲ್ಲ, ದಿನಾ ಮಾಡುವ ಕೆಲಸವನ್ನು ಯಾರು ಹೇಳುತ್ತಾರೆ?

ಇಂಜಿನ್ ಏರಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಲಾರಿ ಹೊರಟಿತು. ಜಗ್ಗಲಿಲ್ಲ, ಗುದ್ದಲಿಲ್ಲ, ಯಾರೋ ನಿಧಾನವಾಗಿ ಯೋಚನೆ ಮಾಡಿ ಹೊರಟ ಹಾಗೆ ಹೊರಟಿತು. ನಿಂಬೆಹಣ್ಣು ಚಪ್ ಎಂದಿತು. ಖಾಲಿ ಸೀಟಿನ ಮುಂದೆ ಸ್ಟೇರಿಂಗ್ ತಾನೇ ಸ್ವಲ್ಪ ಎಡಕ್ಕೆ ತಿರುಗಿ ಮತ್ತೆ ನೆಟ್ಟಗಾಯಿತು. ಗೇರಿನ ಲಿವರ್ ನ್ಯೂಟ್ರಲ್‌ನಲ್ಲೇ ಇತ್ತು. ಬಂಡೆಗೆ ಮೂತಿ ಒತ್ತಿ ಅದು ನಡುಗುತ್ತಾ ನಿಂತದ್ದನ್ನು ನೋಡಿ ನನ್ನ ಬೆನ್ನ ಬೆವರು ತಣ್ಣಗಾಯಿತು. ಆ ಬಿಸಿಲಿನಲ್ಲಿ.

ಹಿಡಿಕೆ ಬಿಡಲು ಕೂಗಿದೆ. ಇಂಜಿನ್ ಇಳಿಯಿತು, ಲಾರಿಯ ಒತ್ತುವಿಕೆಯೂ ಇಳಿಯಿತು. ಅಷ್ಟರಲ್ಲಿ ನನಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧಕ್ಕೆ ಬಿಚ್ಚಲೇಬೇಕಿತ್ತು.

ಜ್ಯಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸಿ, ಗೂಡ್ಸ್ ಆಟೋದಲ್ಲಿ ಮನೆಗೆ ತಂದೆವು. ನನ್ನ ಹೆಂಡತಿ ವಿಶಾಲಾಕ್ಷಿ ಬಾಗಿಲಲ್ಲೇ ನಿಂತು, "ರಿಟೈರ್ ಆದ್ಮ್ಯಾಲೆ ಮನಿಗೆ ಬರ್ತೀನಿ ಅಂದಿದ್ರಿ, ವರ್ಕ್‌ಶಾಪ್ನೂ ಕರಕೊಂಡು ಬರ್ತೀನಿ ಅಂದಿರಲಿಲ್ಲ," ಎಂದಳು. ಆದರೂ ನಡುಮನೆ ಬಿಟ್ಟುಕೊಟ್ಟಳು. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ದೂಳೇ ಶತ್ರು. ಒಳಗಿನ ಆಯಿಲ್ ದಾರಿಗಳು ಎಷ್ಟು ಕಿರಿದು ಎಂದರೆ ಬಟ್ಟೆಯ ಒಂದು ಎಳೆ ಸಿಕ್ಕಿದರೂ ವಾಲ್ವು ಹಿಡಿದುಕೊಳ್ಳುತ್ತದೆ. ನಮ್ಮೂರ ಬೇಸಿಗೆಯಲ್ಲಿ ದೂಳಿಲ್ಲದ ಜಾಗ ಎಲ್ಲಿಂದ ತರುವುದು? ಬ್ರೂಸ್‌ಪೇಟೆಗೆ ಹೋಗಿ ದೊಡ್ಡ ಸೊಳ್ಳೆಪರದೆ ಕೊಂಡು, ನಡುಮನೆಯಲ್ಲಿ ಕಟ್ಟಿ, ಫ್ಯಾನ್ ಆರಿಸಿ, ಅದರೊಳಗೆ ಕುಳಿತೆ. ಬಿಚ್ಚಿದ ಸ್ಪ್ರಿಂಗು, ಗುಂಡುಗಳನ್ನು ಕ್ರಮ ತಪ್ಪದಂತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟೆ. ಇಡ್ಲಿಗೆ ಅಂದಿನಿಂದ ವನವಾಸ.

ಪ್ರತಿ ಗೇರಿಗೂ ಒಳಗೊಂದು ಕ್ಲಚ್ ಡ್ರಮ್ ಇರುತ್ತದೆ. ಆಯಿಲ್ ನುಗ್ಗಿದಾಗ ಪಿಸ್ಟನ್ ತಳ್ಳಿ, ಪ್ಲೇಟುಗಳು ಒಂದಕ್ಕೊಂದು ಕಚ್ಚಿ ಗಾಡಿ ಹೊರಡುತ್ತದೆ. ನ್ಯೂಟ್ರಲ್ ಮಾಡಿದಾಗ ಒತ್ತಡ ಹೋದರೂ ಡ್ರಮ್ಮಿನಲ್ಲಿ ಸ್ವಲ್ಪ ಆಯಿಲ್ ಉಳಿಯುತ್ತದೆ. ಅದು ಹೊರಗೆ ಹೋಗಲೆಂದು ಪಿಸ್ಟನ್ನಿನಲ್ಲಿ ಒಂದು ರಂಧ್ರ, ರಂಧ್ರದಲ್ಲಿ ಮೆಣಸಿನ ಕಾಳಿನಷ್ಟು ಉಕ್ಕಿನ ಗುಂಡು. ಗುಂಡು ಸಡಿಲವಾಗಿ ಆಡುತ್ತಿದ್ದರೆ ಆಯಿಲ್ ಹೋಗುತ್ತದೆ. ಗಾಡಿಯನ್ನು ಮುಂದಕ್ಕೆ ಒಯ್ಯುವ ಗೇರಿನ ಪಿಸ್ಟನ್ನಿನಲ್ಲಿ ಆ ಗುಂಡು, ಗಣಿಯ ಕೆಂಪು ದೂಳೂ ಸುಟ್ಟ ಆಯಿಲೂ ಸೇರಿದ ಜಿಗುಟಿನಲ್ಲಿ, ರಂಧ್ರ ಮುಚ್ಚಿ ಅಂಟಿ ಕುಳಿತಿತ್ತು. ಇಂಜಿನ್ ಮೆಲ್ಲಗಿದ್ದಾಗ ಉಳಿದ ಆಯಿಲ್ ಸುಮ್ಮನಿರುತ್ತದೆ. ವೇಗ ಏರಿದರೆ ಡ್ರಮ್ ಜೋರಾಗಿ ತಿರುಗಿ, ಕಡೆಗೋಲಿಗೆ ಮಜ್ಜಿಗೆ ಗಡಿಗೆಯ ಅಂಚಿಗೆ ಏರುವಂತೆ ಆಯಿಲ್ ಅಂಚಿಗೆ ಏರಿ ಪಿಸ್ಟನ್ ತಳ್ಳುತ್ತದೆ. ನ್ಯೂಟ್ರಲ್‌ನಲ್ಲಿರುವ ಲಾರಿ ಮುಂದೆ ಹೋಗುತ್ತದೆ.

ಕಾರಣ ಸಿಕ್ಕಿತು, ಮನಸ್ಸಿಗೆ ನೆಮ್ಮದಿ ಮಾತ್ರ ಸಿಗಲಿಲ್ಲ. ತೊಳೆದ ಡ್ರಮ್ ಒಂದನ್ನು ಆಯಿಲ್ ಸೋರಲೆಂದು ಹಗ್ಗಕ್ಕೆ ತೂಗುಹಾಕಿದ್ದೆ. ಮಧ್ಯಾಹ್ನ ಬೀದಿಯಲ್ಲಿ ಸದ್ದಡಗಿದ ಹೊತ್ತಿಗೆ ಅದು ಪರದೆಯೊಳಗೆ ತಾನೇ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ಹಗ್ಗದ ಹುರಿ ಬಿಡುವುದು ಅದು, ಮಕ್ಕಳಿಗೂ ಗೊತ್ತು. "ಅದಕ್ಕೊಂಚೂರು ಕುಂಕುಮ ಹಚ್ಚಿದ್ರ ಗಂಟೇನು ಹೋಗತೈತಿ?" ಎಂದು ವಿಶಾಲಾಕ್ಷಿ ಹೊಸಿಲಾಚೆಯಿಂದ ಹೇಳಿದಾಗ ನಾನು ಎಂದಿನಂತೆ ಗದರಲಿಲ್ಲ.

ಗುಂಡನ್ನು ಬಿಡಿಸುವ ಮುಂಚೆ ಹೊನ್ನಮ್ಮನಿಗೆ ಹೇಳಿಕಳಿಸಿದೆ. ಸಿರುಗುಪ್ಪದಿಂದ ಬಸ್ಸಿನಲ್ಲಿ ಒಬ್ಬಳೇ ಬಂದಳು. ಹುಲುಗಪ್ಪ ಹೊರಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ, ಅವನನ್ನು ದಾಟಿಕೊಂಡೇ ಒಳಗೆ ಬಂದಳು. ಪರದೆಯೊಳಗೆ ಕೂರಿಸಿ, ಬೇರೆ ಗೇರಿನ ಪಿಸ್ಟನ್ ಕೈಗೆ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸಲು ಹೇಳಿದೆ. ಗುಂಡು ಟಿಕ್ ಟಿಕ್ ಎಂದಿತು. ಆಮೇಲೆ ಮುಂದಕ್ಕೆ ಒಯ್ಯುವ ಗೇರಿನದನ್ನು ಕೊಟ್ಟೆ. ಅಲ್ಲಾಡಿಸಿದಳು. ಮತ್ತೆ ಮತ್ತೆ ಅಲ್ಲಾಡಿಸಿದಳು. ಅದು ಮೂಕವಾಗಿತ್ತು.

ನಾನು ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಕೇಳದಿದ್ದರೆ ಸಾಕೆಂದು ನಾನು ಅಂದುಕೊಂಡಿದ್ದನ್ನೇ ಕೇಳಿದಳು. "ಹಂಗಾದ್ರ ಹಿಡಿಕಿ ಎಳದೋರು ಯಾರ್ರಿ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ನನಗೆ ಅಭ್ಯಾಸವಿಲ್ಲ. "ನಿನ್ನ ಗಂಡನೇ ಎಳದಾನವ್ವ. ದಿನಾ ಎಳದಂಗ ಎಳದಾನ. ಕೈ ಅವಂದು, ತಪ್ಪು ಅವಂದಲ್ಲ," ಎಂದೆ. ಹೊರಗೆ ಕಟ್ಟೆಯ ಮೇಲಿಂದ ಹುಲುಗಪ್ಪ ಬಿಕ್ಕಿದ್ದು ಕೇಳಿಸಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡು, "ಜೋಡಿಸಿದ ದಿನ ಹೇಳ್ರಿ, ಬರ್ತೀನಿ," ಎಂದಷ್ಟೇ ಹೇಳಿ ಹೋದಳು.

ಹೊಸ ಪಿಸ್ಟನ್ನು, ಹೊಸ ಸೀಲುಗಳು ಕೊರಿಯರ್‌ನಲ್ಲಿ ಬಂದವು. ಕ್ಲಚ್ ಪ್ಲೇಟುಗಳನ್ನು ಆಯಿಲಿನಲ್ಲಿ ನೆನೆಸಿ, ಸಣ್ಣ ಗುಂಡುಗಳು ಉರುಳದಂತೆ ವ್ಯಾಸಲೀನ್ ಹಚ್ಚಿ ಕೂರಿಸಿ, ಒಂದೊಂದು ಡ್ರಮ್ಮಿಗೂ ಗಾಳಿ ಹಾಯಿಸಿ ಪರೀಕ್ಷಿಸಿ ಜೋಡಿಸಿದೆ. ಕುರುಗೋಡಿನಲ್ಲಿ ಮತ್ತೆ ಲಾರಿಗೆ ಏರಿಸಿ, ಗಾಡಿಯನ್ನು ಹಿತ್ತಲಿನ ಕಲ್ಲುಗೋಡೆಗೆ ಮುಖ ಮಾಡಿ ನಿಲ್ಲಿಸಿ, ಆಯಿಲ್ ಬಿಸಿ ಮಾಡಿ, ನಿಂಬೆಹಣ್ಣು ಇಟ್ಟು ಹಿಡಿಕೆ ಎಳೆದೆ. ಅಲುಗಲಿಲ್ಲ. ಮತ್ತೊಮ್ಮೆ ಎಳೆದೆ, ಆಗಲೂ ಅಲುಗಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ.

ಹೊನ್ನಮ್ಮ ಬಂದವಳು ಲಾರಿಯ ಸುತ್ತ ಒಂದು ಸಲ ನಡೆದಳು. ನಂತರ ಅದರ ಮುಂದೆ, ಹಿತ್ತಲಿನ ಕಲ್ಲುಗೋಡೆಗೂ ಬಂಪರಿಗೂ ನಡುವಿನ ನೆರಳಿನಲ್ಲಿ ಹೋಗಿ ನಿಂತಳು. ಗೋಡೆಗೆ ಬೆನ್ನು ಕೊಟ್ಟು, ತಮ್ಮ ನಿಂತಂತೆಯೇ.

"ತಾಯಿ, ಹೊಸದಾಗಿ ಜೋಡಿಸಿದ ಗಾಡಿ ಮುಂದ ಯಾರೂ ನಿಲ್ಲಬಾರದು. ಇದು ನಮ್ಮ ಕೆಲಸದ ನಿಯಮ. ಬಾ ಈ ಕಡೆ," ಎಂದೆ.

"ನಿಮ್ಮ ಕೆಲಸದ ಮ್ಯಾಲ ನಿಮಗ ನಂಬಿಕಿ ಇಲ್ಲೇನ್ರಿ?" ಎಂದಳು.

ಆ ಕ್ಷಣ ನನಗೆ ಇಡ್ಲಿ ತಟ್ಟೆಯ ಒಂದೊಂದು ಗುಳಿಯೂ ಕಣ್ಣ ಮುಂದೆ ಬಂತು. ಒಂದು ಗುಂಡು ಎಲ್ಲಾದರೂ ಉಳಿಯಿತೇ? ಒಂದು ಎಳೆ ಎಲ್ಲಾದರೂ ಸೇರಿತೇ? ಅವಳನ್ನು ಹಿಡಿದೆಳೆಯಬಹುದಿತ್ತು, ಇಂಜಿನ್ ಆರಿಸಬಹುದಿತ್ತು. ಆದರೆ ಎಳೆದರೆ ಆ ಹೆಂಗಸು ಬದುಕಿರುವವರೆಗೂ ನನ್ನ ಮಾತನ್ನಾಗಲಿ ಗಂಡನ ಮಾತನ್ನಾಗಲಿ ನಂಬುವುದಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಇಂಥ ಸ್ಥಿತಿಗೆ ಯಾವ ಮ್ಯಾನ್ಯುಯಲ್ಲಿನಲ್ಲೂ ಪುಟವಿಲ್ಲ. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ.

ರೇಡಿಯೇಟರಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನಿಂದ ಹುಲುಗಪ್ಪ, "ನನ್ನ ಕೈಲಿ ಆಗಂಗಿಲ್ರೀ," ಎಂದು ಅಳುತ್ತಿದ್ದ. ಹೊನ್ನಮ್ಮ ಅವನಿಗೆ ಕೇಳಿಸುವಂತೆ, ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಎಳೀರಿ," ಎಂದಳು.

ಇಂಜಿನ್ ಏರಿತು. ಬಂಪರ್ ಅದುರಿತು. ನನ್ನ ಕಣ್ಣು ಚಕ್ರದ ಮುಂದಿನ ನಿಂಬೆಹಣ್ಣಿನ ಮೇಲಿತ್ತು. ಹಣ್ಣು ಆ ಅದುರಾಟಕ್ಕೆ ಸಣ್ಣಗೆ ನಡುಗಿತು, ಅಷ್ಟೆ. ಲಾರಿ ನಿಂತಲ್ಲೇ ನಿಂತಿತ್ತು. ಹಿಂದಿನ ಪೈಪಿನಿಂದ ನೀರು ಚಿಮ್ಮುವ ಸದ್ದು ಕೇಳತೊಡಗಿತು. ನಾನು ಉಸಿರು ಬಿಟ್ಟೆ.

ಆಗ ಎಡಗಡೆಯ ಬಾಗಿಲು ತೆರೆದುಕೊಂಡಿತು. ರಪ್ಪನೆ ಅಲ್ಲ. ಒಳಗಿದ್ದವನು ಹಿಡಿ ತಿರುಗಿಸಿ ದೂಡಿದರೆ ಹೇಗೋ ಹಾಗೆ ತೆರೆದುಕೊಂಡು, ಪೂರ್ತಿ ಅಗಲವಾಗಿ, ನಿಂತಿತು. ಸೀಟು ಖಾಲಿ ಇತ್ತು. ಹೊನ್ನಮ್ಮ ಅದನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೆದರಿಕೆ ಇರಲಿಲ್ಲ.

"ತಮ್ಮ ಇಳದ, ನೋಡ್ರಿ," ಎಂದಳು.

ಅವಳು ಬಗ್ಗಿ ನಿಂಬೆಹಣ್ಣನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಹತ್ತಿರ ಹೋದಳು. ಈಗ ಇಬ್ಬರೂ ಕುರುಗೋಡಿನಲ್ಲೇ ಇದ್ದಾರೆ, ಲಾರಿಯೂ ಓಡುತ್ತಿದೆ. ಹ್ಯಾಂಡ್‌ಬ್ರೇಕನ್ನು ನಾನೇ ನಿಂತು ಸರಿ ಮಾಡಿಸಿದೆ.

ಸುಮ್ಮನೆ ನಿಂತ ಗಾಡಿಯನ್ನು ನೋಡಿ, ಇಂಜಿನ್ ಏರಿದಾಗ ಅದು ಏನು ಮಾಡಿತು ಎಂದು ಹೇಳಬಾರದು ಎಂಬುದನ್ನು ಈ ಕೆಲಸ ನನಗೆ ಇನ್ನೊಮ್ಮೆ ಕಲಿಸಿತು. ಮನುಷ್ಯರ ವಿಷಯದಲ್ಲೂ ಅದೇ. ಇನ್ನೊಂದು ಪಾಠವೂ ಇದೆ. ಅವತ್ತು ಎಲ್ಲರೂ ಹೋದ ಮೇಲೆ ಆ ಬಾಗಿಲನ್ನು ಮುಚ್ಚಿ ಎಳೆದು ನೋಡಿದೆ. ಮೊದಲಿನಷ್ಟೇ ಬಿಗಿಯಾಗಿತ್ತು, ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಲ್ಯಾಚ್ ಬಿಚ್ಚಲು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡು, ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಬಿಚ್ಚಿದರೆ ಕಾರಣ ಸಿಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಬಿಚ್ಚಲಿಲ್ಲ.